ಹಳೇ ಫ್ಯಾಮಿಲಿ ಫೋಟೋ ಉಳಿಸ್ಕೊಳ್ಳೋದು ಹೇಗೆ: ಮಳೆ ಊರಿನ ಮನೆಗಳಿಗೆ ಹಂತ ಹಂತವಾಗಿ

ಪ್ರತಿ ವರ್ಷ ಪುನರ್ವಸು ಮಳೆ ಹಿಡ್ಕೊಂಡ ಮೇಲೆ ಮೂಡಿಗೆರೆ ಕಡೆಯಿಂದಲೋ ಸಕಲೇಶಪುರದ ಕಡೆಯಿಂದಲೋ ಯಾರಾದ್ರೂ ಪರಿಚಯದವರು ಫೋನ್ ಮಾಡೇ ಮಾಡ್ತಾರೆ. ಅಜ್ಜನ ಫೋಟೋಗೆ ಬೂಷ್ಟು ಬಂದಿತ್ತು, ಒದ್ದೆ ಬಟ್ಟೇಲಿ ಒರೆಸ್ದೆ, ಮುಖನೇ ಬಟ್ಟೆಗೆ ಬಂದ್ಬಿಡ್ತು, ಈಗ ಏನ್ ಮಾಡ್ಲಿ ಅಂತ. ಏನೂ ಮಾಡಕ್ಕಾಗಲ್ಲ. ನಮ್ಮ ಅಜ್ಜಿಯ ಮದುವೆ ಫೋಟೋನ ನಾನೂ ಹೀಗೇ ಕಳ್ಕೊಂಡಿದೀನಿ, ಅದರ ಇನ್ನೊಂದು ಕಾಪಿ ಎಲ್ಲೂ ಇರಲಿಲ್ಲ.

ಎಲ್ಲರೂ ಎಡವೋದು ಒಂದೇ ಕಡೆ, ಟ್ರಂಕು ತೆಗೆದ ತಕ್ಷಣ ಕ್ಲೀನ್ ಮಾಡೋಕೆ ಕೂರ್ತಾರೆ. ಕ್ಲೀನಿಂಗ್ ಮೊದಲನೇ ಕೆಲಸ ಅಲ್ವೇ ಅಲ್ಲ. ಮೊದಲು ಇದ್ದದ್ದು ಇದ್ದ ಹಾಗೇ ಮೊಬೈಲಲ್ಲಿ ಹೊಡ್ಕೊಳ್ಳೋದು, ಆಮೇಲೆ ಮನೆ ಹಿರಿಯರ ಹತ್ರ ಹೆಸರು ಕೇಳಿ ಬರ್ಕೊಳ್ಳೋದು, ಅದಾದ್ಮೇಲೆ ಧೂಳು, ಆಮೇಲೆ ಸ್ಕ್ಯಾನು, ಕೊನೇಗೆ ಡಬ್ಬ. ಈ ಆರ್ಡರ್ ತಪ್ಪಿಸ್ಬೇಡಿ, ಮಿಕ್ಕಿದ್ದರಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ನಡಿಯತ್ತೆ.

1. ಯಾವ ತಿಂಗಳಲ್ಲಿ ಯಾವ ಕೆಲಸ

ತೋಟದ ಮನೆಗಳಲ್ಲಿ ಪುರುಸೊತ್ತು ಸಿಗೋದೇ ಮಳೆಗಾಲದಲ್ಲಿ, ಹಾಗಾಗಿ ಟ್ರಂಕು ತೆಗೆಯೋದೂ ಆಗಲೇ. ಆದ್ರೆ ಗಾಳೀಲಿ ತೇವ ಶೇಕಡಾ 65ರ ಮೇಲೆ ಹೋದ್ರೆ ಬೂಷ್ಟು ಬೆಳೆಯೋಕೆ ಶುರುವಾಗತ್ತೆ, ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮನೆಯೊಳಗೇ ಅದಕ್ಕಿಂತ ಜಾಸ್ತಿ ಇರತ್ತೆ, ಕಪಾಟಲ್ಲಿಟ್ಟ ಚಪ್ಪಲಿ ಬೆಲ್ಟಿಗೇ ಬೂಷ್ಟು ಬರೋ ಕಾಲ ಅದು. ಆ ಗಾಳಿ ಸಮೇತ ಫೋಟೋನ ಡಬ್ಬಕ್ಕೆ ತುಂಬಿ ಗಟ್ಟಿಯಾಗಿ ಮುಚ್ಚಳ ಹಾಕಿದ್ರೆ ಬೂಷ್ಟನ್ನ ನಾವೇ ಒಳಗೆ ಕೂರಿಸಿ ಬೀಗ ಹಾಕಿದ ಹಾಗೆ.

ಅದಕ್ಕೇ ಕ್ಲೀನ್ ಮಾಡೋದು, ಡಬ್ಬ ಮುಚ್ಚೋದು ಎರಡೂ ಕೊಯ್ಲು ಮುಗಿದ ಮೇಲೆ, ಹೂಮಳೆ ಬೀಳೋಕೆ ಮುಂಚೆ, ಅಂದ್ರೆ ಹೆಚ್ಚುಕಮ್ಮಿ ಫೆಬ್ರವರಿ ಹೊತ್ತಿಗೆ. ಆಗ ಬಿಸಿಲೂ ಒಣಗಾಳಿಯೂ ಇರತ್ತೆ. ಹೆಸರು ಕೇಳೋ ಕೆಲಸ ಮಾತ್ರ ಮಳೆಗಾಲಕ್ಕೇ ಚೆನ್ನ, ಮೊಬೈಲಲ್ಲಿ ಹೊಡ್ಕೊಂಡಿದ್ದನ್ನ ಇಟ್ಕೊಂಡು ಸಂಜೆ ಒಲೆ ಹತ್ರ ಕೂತ್ರೆ ಸಾಕು.

ಕಡೂರು, ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯವರಿಗೆ ತೇವದ ಕಾಟ ಇಷ್ಟಿಲ್ಲ, ಅಲ್ಲಿ ಧೂಳು, ಸೆಖೆ ಮತ್ತೆ ಪುಸ್ತಕದೊಳಗೆ ಸರ್ರಂತ ಓಡಾಡೋ ಬೆಳ್ಳಿ ಬಣ್ಣದ ಹುಳ. ಹಂತ ಮಾತ್ರ ಇವೇ.

2. ಮೊದಲೇ ತಂದಿಟ್ಕೊಳ್ಳೋ ಸಾಮಾನು

ಮೃದು ಕೂದಲಿನ ಅಗಲ ಬ್ರಷ್ ಒಂದು (ಹೊಸದು, ಪೇಂಟ್ ಮುಟ್ಟಿರಬಾರದು), ಕ್ಯಾಮೆರಾ ಲೆನ್ಸಿಗೆ ಗಾಳಿ ಊದೋ ರಬ್ಬರ್ ಬ್ಲೋವರ್, ತೆಳು ಹತ್ತಿ ಗ್ಲೌಸ್, ಎನ್95 ಮಾಸ್ಕ್, 2ಬಿ ಪೆನ್ಸಿಲ್, ನೋಟ್‌ಬುಕ್, ಬಿಳಿ ಹತ್ತಿ ಬಟ್ಟೆ. ಇದಿಷ್ಟೂ ಹಾಸನ, ಚಿಕ್ಕಮಗಳೂರು ಪೇಟೇಲೇ ಸಿಗತ್ತೆ. ಫೋಟೋ ಸುತ್ತೋಕೆ ಆಸಿಡ್ ಫ್ರೀ (ಹುಳಿ ಇಲ್ಲದ) ಪೇಪರ್, ತೇವ ತೋರಿಸೋ ಪುಟ್ಟ ಹೈಗ್ರೋಮೀಟರ್, ತೇವ ಹೀರ್ಕೊಳ್ಳೋ ಸಿಲಿಕಾ ಜೆಲ್ ಇವನ್ನ ಆನ್‌ಲೈನಲ್ಲಿ ತರಿಸ್ಕೊಳ್ಳಿ. ಸಿಲಿಕಾ ಜೆಲ್‌ನಲ್ಲಿ ನೀಲಿ ಮಣಿಯದ್ದು ಬೇಡ, ಅದರಲ್ಲಿ ಕೋಬಾಲ್ಟ್ ಇರತ್ತೆ, ಕಿತ್ತಳೆ ಬಣ್ಣದ್ದು ತಗೊಳ್ಳಿ.

ಮನೇಲಿದ್ದರೂ ಹತ್ರ ಇಟ್ಕೋಬಾರದ್ದು: ಸೆಲ್ಲೋ ಟೇಪ್, ಫೆವಿಕಾಲ್, ಸ್ಟೇಪ್ಲರ್, ರಬ್ಬರ್ ಬ್ಯಾಂಡ್, ಬಾಲ್ ಪೆನ್, ಗಾಜು ಒರೆಸೋ ಸ್ಪ್ರೇ. ಮತ್ತೆ ಲ್ಯಾಮಿನೇಶನ್ ಮಾಡ್ಸಿದ್ರೆ ಸೇಫ್ ಅಂತ ಯಾರೇ ಹೇಳಿದ್ರೂ ಒರಿಜಿನಲ್ ಕೊಡ್ಬೇಡಿ, ಆ ಬಿಸಿ ಅಂಟು ಫೋಟೋ ಮೇಲೆ ಕೂತ್ರೆ ಮತ್ತೆ ಬಿಡಿಸಕ್ಕಾಗಲ್ಲ.

3. ಟ್ರಂಕು ತೆಗೆದ ದಿನ: ಬರೀ ನೋಡೋದು, ಹೊಡ್ಕೊಳ್ಳೋದು

ಕೈ ತೊಳ್ಕೊಂಡು ಪೂರ್ತಿ ಒರೆಸ್ಕೊಳ್ಳಿ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಕಾಫಿ ಲೋಟ ಬೇರೆ ರೂಮಲ್ಲಿರಲಿ. ಫೋಟೋನ ಅಂಚು ಹಿಡಿದು ಎತ್ತಿ, ಮುಖದ ಮೇಲೆ ಬೆರಳು ಇಡ್ಬೇಡಿ, ಇವತ್ತು ಕಾಣದ ಬೆರಳಚ್ಚು ಎಷ್ಟೋ ವರ್ಷದ ಮೇಲೆ ಕಂದು ಕಲೆಯಾಗಿ ಏಳತ್ತೆ.

ಪ್ರತಿಯೊಂದನ್ನೂ ಮುಂದೆ ಹಿಂದೆ ಎರಡೂ ಕಡೆ ಮೊಬೈಲಲ್ಲಿ ಹೊಡೀರಿ. ಕಿಟಕಿ ಪಕ್ಕ ನೆರಳಿನ ಬೆಳಕು ಸಾಕು, ಫ್ಲ್ಯಾಶ್ ಬೇಡ. ಇದು ಸ್ಕ್ಯಾನ್ ಅಲ್ಲ, ಮುಂದಿನ ಹಂತದಲ್ಲಿ ಏನಾದ್ರೂ ತಪ್ಪಾದ್ರೆ ಮುಖನಾದ್ರೂ ಉಳೀಲಿ ಅಂತ. ಆಲ್ಬಂ ಇದ್ರೆ ಮೊದಲು ಪುಟ ಪೂರ್ತಿ ಬರೋ ಹಾಗೆ ಹೊಡೀರಿ, ಯಾವುದರ ಪಕ್ಕ ಯಾವುದಿತ್ತು ಅನ್ನೋದೇ ಆಮೇಲೆ ಸುಳಿವಾಗತ್ತೆ.

ಹೊಡೀತಾ ಹೊಡೀತಾ ಮೂರು ಗುಂಪು ಮಾಡಿ: ಚೆನ್ನಾಗಿರೋದು, ಬೂಷ್ಟು ಬಂದಿರೋದು, ಅಂಟ್ಕೊಂಡಿರೋದು. ಬೂಷ್ಟಿನ ಗುಂಪು ಬೇರೆ ರೂಮಿಗೆ ಹೋಗ್ಲಿ. ನೆಗೆಟಿವ್ ಸಿಕ್ಕಿದ್ರೆ ಮೂಸಿ ನೋಡಿ, ವಿನೆಗರ್ ತರ ಹುಳಿ ವಾಸನೆ ಬಂದ್ರೆ ಆ ಫಿಲಂ ಒಳಗೊಳಗೇ ಕರಗ್ತಿದೆ ಅಂತ ಅರ್ಥ. ಆ ಹುಳಿ ಗಾಳಿ ಪಕ್ಕದ ನೆಗೆಟಿವನ್ನೂ ಹಾಳು ಮಾಡತ್ತೆ, ಅದನ್ನ ಬೇರೆ ಪೇಪರ್ ಕವರಲ್ಲಿ ಹಾಕಿ, ಎಲ್ಲಕ್ಕಿಂತ ಮೊದಲು ಸ್ಕ್ಯಾನಿಗೆ ಕಳ್ಸಿ.

4. ಹೆಸರು ಕೇಳೋದು

ಇದಕ್ಕೆ ಅವಸರ ಮಾಡ್ಬೇಡಿ, ಮುಂದಕ್ಕೂ ಹಾಕ್ಬೇಡಿ. ಕಾಗದ ಇನ್ನೂ 50 ವರ್ಷ ಇರಬಹುದು, ಅದರಲ್ಲಿರೋರು ಯಾರು ಅಂತ ಹೇಳೋ ದೊಡ್ಡಮ್ಮ ಇರಲ್ಲ. ಎಷ್ಟೋ ಮನೇಲಿ ಒಳ್ಳೊಳ್ಳೆ ಫೋಟೋ ಗಾಜಿನ ಹಾಗಿದಾವೆ, ಯಾರದ್ದು ಅಂತ ಒಬ್ಬರಿಗೂ ಗೊತ್ತಿಲ್ಲ, ನನಗೆ ಹರಿದ ಫೋಟೋಗಿಂತ ಅದೇ ಜಾಸ್ತಿ ಸಂಕಟ ಆಗೋದು.

ಮೊಬೈಲಲ್ಲಿ ದೊಡ್ಡದು ಮಾಡಿ ತೋರಿಸಿ, ಹಿರಿಯರಿಗೆ ಪುಟ್ಟ ಪ್ರಿಂಟು ಕಾಣಲ್ಲ. ಮಾತಾಡೋದನ್ನ ಅವರಿಗೆ ಹೇಳಿ ರೆಕಾರ್ಡ್ ಮಾಡ್ಕೊಳ್ಳಿ. ಬರೀ "ಇದು ಯಾರು" ಅಂತ ಕೇಳಿದ್ರೆ ಗೊತ್ತಿಲ್ಲ ಅಂದ್ಬಿಡ್ತಾರೆ. ನಾನು ನಮ್ಮ ದೊಡ್ಡಮ್ಮನ ಹತ್ರ ಒಂದು ಗುಂಪು ಫೋಟೋ ತೋರಿಸ್ದಾಗ ಹೀಗಾಯ್ತು:

"ದೊಡ್ಡಮ್ಮ, ಎಡಗಡೆ ತುದೀಲಿ ನಿಂತಿರೋರು ಯಾರು?"

"ಗೊತ್ತಾಗಲ್ಲ ಕಣೋ, ಯಾರೋ ಏನೋ."

"ಕೊರಳಲ್ಲಿ ಹಾಕಿರೋ ಸರ ನೋಡಿದ್ದೀರಾ ಎಲ್ಲಾದ್ರೂ?"

"ಎಲ್ಲಿ, ಇನ್ನೊಂಚೂರು ದೊಡ್ಡದು ಮಾಡು. ಅಯ್ಯೋ, ಇದು ನಮ್ಮತ್ತೇದು ಕಣೋ, ಮದ್ವೆಗೆ ಇಸ್ಕೊಂಡು ಹೋಗಿದ್ರು. ಹಂಗಾದ್ರೆ ಇವ್ಳು ಅತ್ತೆ ತಂಗಿ ಮಗಳು, ಬೇಲೂರಿಗೆ ಕೊಟ್ಟಿದ್ರಲ್ಲ, ಅವ್ಳೇ."

ಮುಖ ಮರ್ತಿರತ್ತೆ, ಸರ, ಕುರ್ಚಿ, ಮನೆ ಕಂಬ, ನಾಯಿ, ಜೀಪು ಮರ್ತಿರಲ್ಲ. ಅದನ್ನ ಕೇಳಿ.

ಇಸವಿ ಕೇಳೋದೂ ಹಾಗೇ. 1978ರಾ 1980ರಾ ಅಂದ್ರೆ ಯಾರಿಗೂ ನೆನಪಿರಲ್ಲ, ಆದ್ರೆ ಇಂದಿರಾ ಗಾಂಧಿ ಚಿಕ್ಕಮಗಳೂರಲ್ಲಿ ಎಲೆಕ್ಷನ್ನಿಗೆ ನಿಂತಿದ್ದಕ್ಕೆ ಮೊದಲಾ ಆಮೇಲಾ ಅಂದ್ರೆ ಥಟ್ಟನೆ ಹೇಳ್ತಾರೆ, ಅದು 1978ರ ನವೆಂಬರ್. ಗೊರೂರು, ಶೆಟ್ಟಿಹಳ್ಳಿ ಕಡೆಯವರಿಗೆ ಹೇಮಾವತಿ ಡ್ಯಾಮ್ ನೀರು ನಿಲ್ಲೋಕೆ ಮುಂಚೆನಾ ಅಂತ ಕೇಳಿ, ಆ ಡ್ಯಾಮ್ ಕೆಲಸ ಮುಗಿದಿದ್ದು 1979ರಲ್ಲಿ. ಮುಳುಗಡೆ ಆದ ಊರಿನ ಮನೆ, ಅಂಗಳ, ದೇವಸ್ಥಾನ ಹಿಂದೆ ಕಾಣೋ ಫೋಟೋ ನಿಮ್ಮ ಹತ್ರ ಇದ್ರೆ ದಯವಿಟ್ಟು ಅದನ್ನ ಮೊದಲು ಸ್ಕ್ಯಾನ್ ಮಾಡಿ, ಆ ಜಾಗಕ್ಕೆ ಹೋಗಿ ಇನ್ನೊಂದು ಹೊಡ್ಕೊಳ್ಳಕ್ಕಾಗಲ್ಲ.

ಫೋಟೋ ಹಿಂದೇನೂ ನೋಡಿ. ರಟ್ಟಿನ ಮೇಲೆ ಸ್ಟುಡಿಯೋ ಹೆಸರು ಊರು ಇರತ್ತೆ, ಕೆಲವದ್ರಲ್ಲಿ ಪೇಪರ್ ಕಂಪನಿ ಹೆಸರೂ ಇರತ್ತೆ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರ "ಇಂದು" ಪೇಪರ್ ಆಗಿದ್ರೆ ಆ ಪ್ರಿಂಟು 1960ಕ್ಕಿಂತ ಹಿಂದಿನದ್ದಾಗಿರೋಕೆ ಸಾಧ್ಯವೇ ಇಲ್ಲ, ಆ ಕಂಪನಿ ಶುರುವಾಗಿದ್ದೇ ಆ ವರ್ಷ.

ಪ್ರತಿ ಫೋಟೋಗೂ ಒಂದು ನಂಬರ್ ಕೊಟ್ಟು ಹಿಂದುಗಡೆ ಅಂಚಲ್ಲಿ ಪೆನ್ಸಿಲಲ್ಲಿ ಹಗುರಾಗಿ ಬರೀರಿ, ಗಟ್ಟಿ ಮೇಜಿನ ಮೇಲಿಟ್ಟು. ಬಾಲ್ ಪೆನ್ ಒತ್ತಿದ್ರೆ ಮುಂದೆ ಗೆರೆ ಏಳತ್ತೆ, ಇಂಕ್ ಪಕ್ಕದ ಫೋಟೋಗೂ ಹತ್ತತ್ತೆ. ನುಣುಪು ಹಿಂಬದಿಯ ಕಲರ್ ಫೋಟೋ ಮೇಲೆ ಪೆನ್ಸಿಲ್ ಹಿಡಿಯಲ್ಲ, ಅದರ ನಂಬರನ್ನ ಸುತ್ತೋ ಪೇಪರ್ ಮೇಲೆ ಬರೀರಿ. ಹೆಸರು, ಸಂಬಂಧ, ಊರು, ಯಾರು ಹೇಳಿದ್ರು ಅನ್ನೋದೆಲ್ಲ ನೋಟ್‌ಬುಕ್ಕಲ್ಲಿ. ಅನುಮಾನ ಇದ್ರೆ "ಇರಬಹುದು" ಅಂತಲೇ ಬರೀರಿ. "ಅಜ್ಜಿ" ಅಂತ ಮಾತ್ರ ಬರೆದು ಬಿಡ್ಬೇಡಿ, ನಿಮ್ಮ ಮೊಮ್ಮಕ್ಕಳು ಓದೋ ಹೊತ್ತಿಗೆ ಅದು ಯಾರ ಅಜ್ಜಿ?

5. ಧೂಳು ಮತ್ತೆ ಬೂಷ್ಟು

ಒದ್ದೆ ಬಟ್ಟೆ ಯಾಕೆ ಬೇಡ ಅಂದ್ರೆ, ಹಳೇ ಕಪ್ಪು-ಬಿಳುಪು ಫೋಟೋದಲ್ಲಿ ಚಿತ್ರ ಇರೋದು ಕಾಗದದಲ್ಲಲ್ಲ, ಕಾಗದದ ಮೇಲಿರೋ ಜೆಲಟಿನ್ ಪದರದಲ್ಲಿ, ಅದರೊಳಗೆ ಬೆಳ್ಳಿಯ ಸಣ್ಣ ಸಣ್ಣ ಕಣಗಳಾಗಿ. ಜೆಲಟಿನ್ ಅಂದ್ರೆ ಪ್ರಾಣಿಗಳ ಮೂಳೆ ಚರ್ಮದಿಂದ ತೆಗೆಯೋದು, ನೀರು ಸೋಕಿದ್ರೆ ಉಬ್ಬಿ ಮೆತ್ತಗಾಗತ್ತೆ. ಬೂಷ್ಟು ಅದನ್ನೇ ತಿಂದು ಬೆಳೆಯೋದು, ಹಾಗೆ ತಿಂದ ಜಾಗ ನೀರಲ್ಲಿ ಕರಗೋ ಹಾಗಾಗಿರತ್ತೆ. ಅದಕ್ಕೇ ಬೂಷ್ಟು ಬಂದ ಫೋಟೋನ ಒದ್ದೆ ಬಟ್ಟೇಲಿ ಒರೆಸಿದ್ರೆ ಚಿತ್ರನೇ ಎದ್ದು ಬರೋದು.

ಬರೀ ಧೂಳಿದ್ರೆ ಬ್ಲೋವರಲ್ಲಿ ಊದಿ, ಆಮೇಲೆ ಬ್ರಷ್ಷನ್ನ ನಡುವಿಂದ ಅಂಚಿನ ಕಡೆಗೆ ಹಗುರಾಗಿ ಎಳೀರಿ. ಬಾಯಲ್ಲಿ ಊದ್ಬೇಡಿ, ಉಗುಳಿನ ಹನಿ ಬೀಳತ್ತೆ.

ಬೂಷ್ಟು ಹಸಿ ಇದ್ರೆ, ಅಂದ್ರೆ ಹತ್ತಿ ತರ ಮೆತ್ತಗೆ ಇದ್ರೆ, ಮುಟ್ಟಲೇಬೇಡಿ, ಉಜ್ಜಿದಷ್ಟೂ ಒಳಗೆ ಇಳಿಯತ್ತೆ. ಒಣಗಾಳಿ ಆಡೋ ರೂಮಲ್ಲಿ ನೆರಳಲ್ಲಿ ಹರಡಿ, ಪುಡಿ ಪುಡಿಯಾಗೋ ತನಕ ಕಾಯಿರಿ, ಆಮೇಲೆ ಮಾಸ್ಕ್ ಹಾಕ್ಕೊಂಡು ಜಗುಲಿಗೆ ತಂದು ನಿಮ್ಮಿಂದ ಆಚೆ ಕಡೆಗೆ ಬ್ರಷ್ ಮಾಡಿ. ಆ ಬ್ರಷ್ ಒಳ್ಳೇ ಫೋಟೋಗಳಿಗೆ ಮತ್ತೆ ಬಳಸೋ ಹಾಗಿಲ್ಲ. ಕಾಫಿ ಒಣಗಿಸಿದ ಹಾಗೆ ಕಣದ ಬಿಸಿಲಲ್ಲಿ ಹಾಕಿದ್ರೆ ಬಣ್ಣನೂ ಹೋಗತ್ತೆ, ಹಪ್ಪಳದ ತರ ಸುರುಳೀನೂ ಆಗತ್ತೆ.

ಕಪ್ಪು ಜಾಗದಲ್ಲಿ ಓರೆಯಾಗಿ ನೋಡಿದ್ರೆ ಕನ್ನಡಿ ತರ ನೀಲಿ-ಬೆಳ್ಳಿ ಹೊಳಪು ಕಂಡ್ರೆ ಅದು ಕೊಳೆ ಅಲ್ಲ, ಒಳಗಿನ ಬೆಳ್ಳಿ ಮೇಲಕ್ಕೆ ಬಂದಿರೋದು, ಉಜ್ಜಬೇಡಿ. ಸ್ಟುಡಿಯೋದವರು ಕೈಯಲ್ಲಿ ಬಣ್ಣ ತುಂಬಿದ ಫೋಟೋ, ಮೇಲ್ಪದರ ಸಿಪ್ಪೆ ಏಳ್ತಿರೋ ಫೋಟೋ, ಇವೆರಡಕ್ಕೆ ಬ್ರಷ್ಷೂ ಬೇಡ.

6. ಅಂಟ್ಕೊಂಡಿರೋದನ್ನ ಏನ್ ಮಾಡೋದು

ಫ್ರೇಮಿನ ಗಾಜಿಗೇ ಫೋಟೋ ಅಂಟಿದ್ರೆ ಎಳೀಬೇಡಿ. ಅಂಟಿರೋ ಜಾಗ ಬೆಳಕಿಗೆ ಹಿಡಿದ್ರೆ ಒದ್ದೆ ಮಚ್ಚೆ ತರ ಹೊಳೆಯತ್ತೆ. ಹಿಂದಿನ ಮೊಳೆ ಇಕ್ಕಳದಲ್ಲಿ ತೆಗೆದು, ರಟ್ಟು ಬಿಡಿಸಿ, ಗಾಜಿನ ಸಮೇತ ಹೊರಗೆ ತಗೊಂಡು ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿ, ಗಾಜಿನ ಹೊರಮೈಯನ್ನ ಒಣ ಬಟ್ಟೇಲಿ ಒರೆಸಿದ್ರೆ ಚೆನ್ನಾಗೇ ಬರತ್ತೆ. ಆಮೇಲೆ ಹಾಗೇ ಗಾಜಿನ ಜೊತೆಗೇ ಇಡಿ.

ಇನ್ನೊಂದು ಆ ಅಂಟು ಆಲ್ಬಂಗಳು, ಪಾರದರ್ಶಕ ಹಾಳೆ ಎತ್ತಿ ಫೋಟೋ ಇಟ್ಟು ಒತ್ತೋದು, 80-90ರ ದಶಕದ ಮದುವೆ ಆಲ್ಬಂ ಎಷ್ಟೋ ಅದೇ. ಅದರ ಅಂಟು ಹಳದಿಯಾಗಿ ಫೋಟೋಗೆ ಇಳಿಯತ್ತೆ. ಹಲ್ಲು ಸಂದಿಗೆ ಬಳಸೋ ಫ್ಲಾಸ್ ದಾರನ ಫೋಟೋ ಹಿಂದೆ ತೂರಿಸಿ ಗರಗಸದ ತರ ನಿಧಾನ ಆಡಿಸ್ತಾ ಹೋಗಿ, ಫೋಟೋ ಬಗ್ಗಬಾರದು. ಬರಲ್ಲ ಅಂತ ಅನ್ಸಿದ ಕ್ಷಣ ನಿಲ್ಸಿ, ಸುತ್ತ ಪುಟನೇ ಕತ್ತರಿಸಿ ತೆಗೀರಿ. ಹೇರ್ ಡ್ರೈಯರ್ ಬೇಡ.

ಒಂದಕ್ಕೊಂದು ಅಂಟಿ ಇಟ್ಟಿಗೆ ತರ ಆಗಿರೋ ಕಟ್ಟು ಇದ್ರೆ ಮನೇಲಿ ಪ್ರಯತ್ನ ಮಾಡ್ಬೇಡಿ. ಒಣಗಿಸಿ, ಪೇಪರಲ್ಲಿ ಸುತ್ತಿ, ಹಳೇ ಫೋಟೋ, ಕಾಗದ ಉಳಿಸೋ ಕೆಲಸ (ಕನ್ಸರ್ವೇಶನ್) ಕಲಿತವರಿಗೆ ತೋರಿಸೋ ತನಕ ಹಾಗೇ ಇಡಿ.

7. ಸ್ಕ್ಯಾನ್

ಮನೇಲೋ ಜೆರಾಕ್ಸ್ ಅಂಗಡೀಲೋ, ಫೋಟೋನ ಗಾಜಿನ ಮೇಲೆ ಮಲಗಿಸೋ ಫ್ಲ್ಯಾಟ್‌ಬೆಡ್ ಸ್ಕ್ಯಾನರೇ ಆಗ್ಬೇಕು. ಮೇಲಿಂದ ಹಾಳೆ ಎಳ್ಕೊಳ್ಳೋ ರೋಲರಿಗೆ ಹಾಕಿದ್ರೆ ಹಳೇ ಫೋಟೋ ಬಿರುಕು ಬಿಡತ್ತೆ. ಅಂಗಡಿಯಾದ್ರೆ ಪಕ್ಕದಲ್ಲೇ ನಿಂತ್ಕೊಳ್ಳಿ, ಬಿಟ್ಟು ಬರ್ಬೇಡಿ.

ಸೆಟ್ಟಿಂಗ್ ಹೀಗೆ ಹೇಳಿ: ಮಾಮೂಲಿ 4×6 ಇಂಚಿನದ್ದಕ್ಕೆ 600 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ ಅನ್ನೋ ಲೆಕ್ಕ), ಪಾಸ್‌ಪೋರ್ಟ್ ಸೈಜು, ಬೆಂಕಿಪೊಟ್ಟಣದಷ್ಟು ಪುಟ್ಟದ್ದಕ್ಕೆ 1200. ಕಪ್ಪು-ಬಿಳುಪಿದ್ರೂ ಕಲರ್ ಮೋಡಲ್ಲೇ ಮಾಡಿ, ಕಂದು ಛಾಯೆ, ಕಲೆ, ಶಾಯಿ ಎಲ್ಲ ಇದ್ದ ಹಾಗೇ ಸಿಗತ್ತೆ. ಆಟೋ ಕರೆಕ್ಷನ್ ಆಫ್. ಟಿಫ್ (TIFF) ಫೈಲಲ್ಲಿ ಸೇವ್ ಮಾಡಿ, ಅದರಲ್ಲಿ ಕ್ವಾಲಿಟಿ ಕಮ್ಮಿಯಾಗಲ್ಲ. 600ರಲ್ಲಿ ಒಂದು 4×6 ಫೋಟೋ ಸುಮಾರು 25 ಎಂಬಿ ಆಗತ್ತೆ, 300 ಫೋಟೋಗೆ 8 ಜಿಬಿ ಹತ್ರ, ಇವತ್ತಿನ ಲೆಕ್ಕಕ್ಕೆ ಅದೇನೂ ದೊಡ್ಡದಲ್ಲ. ಹಂಚೋಕೆ ಬೇರೆ ಜೆಪೆಗ್ ಕಾಪಿ ಮಾಡ್ಕೊಳ್ಳಿ.

ಸ್ಕ್ಯಾನರ್ ಸಿಗಲೇ ಇಲ್ಲ ಅಂದ್ರೆ ಮೊಬೈಲಿಗೆ ಗೂಗಲ್‌ನವರ ಫೋಟೋಸ್ಕ್ಯಾನ್ ಆಪ್ ಇದೆ, ನಾಲ್ಕು ಚುಕ್ಕೆ ಮೇಲೆ ಫೋನ್ ಆಡಿಸಿ ಹೊಳಪು ತೆಗೆಯತ್ತೆ. ಹಂಚೋಕೆ ಸಾಕು, ಒರಿಜಿನಲ್ ಬದಲಿಗೆ ಇಟ್ಕೊಳ್ಳೋಕೆ ಸಾಲಲ್ಲ.

ಈಗ ಆಪ್‌ಗಳು ಮುಖನ ಶಾರ್ಪ್ ಮಾಡ್ತಾವೆ, ಸೀರೆಗೆ ಬಣ್ಣ ಹಾಕ್ತಾವೆ. ಮಾಡ್ಕೊಳ್ಳಿ, ಆದ್ರೆ ಬೇರೆ ಹೆಸರಲ್ಲಿ ಸೇವ್ ಮಾಡಿ. ಆ ಬಣ್ಣ ಆಪ್ ಊಹೆ ಮಾಡಿದ್ದು, ಅಜ್ಜಿ ಉಟ್ಟಿದ್ದ ಸೀರೆಯದ್ದಲ್ಲ. ಕಣ್ಣು ಮೂಗೂ ಎಷ್ಟೋ ಸಲ ಬೇರೆಯವರದ್ದಾಗಿರತ್ತೆ.

8. ಫೈಲ್ ಹೆಸರು, ಕಾಪಿ

ಸ್ಕ್ಯಾನರ್ ಕೊಟ್ಟ ಹೆಸರನ್ನೇ ಬಿಟ್ರೆ ಮತ್ತೆ ಹುಡುಕಕ್ಕಾಗಲ್ಲ. ಇಸವಿ, ಊರು, ಯಾರು, ನೋಟ್‌ಬುಕ್ ನಂಬರ್, ಇದೇ ಕ್ರಮದಲ್ಲಿ ಹಾಕಿ: "1978-ಬೇಲೂರು-ದೊಡ್ಡಮ್ಮನ ಮದುವೆ-042" ಅನ್ನೋ ಹಾಗೆ. ನೋಟ್‌ಬುಕ್ ಪುಟಗಳನ್ನೂ ಸ್ಕ್ಯಾನ್ ಮಾಡಿ ಅದೇ ಫೋಲ್ಡರಿಗೆ ಹಾಕಿ.

ಮೂರು ಕಾಪಿ ಬೇಕು, ಎರಡು ಬೇರೆ ಬೇರೆ ತರದ್ದರಲ್ಲಿ, ಒಂದು ಬೇರೆ ಊರಲ್ಲಿ. ಮನೆ ಲ್ಯಾಪ್‌ಟಾಪ್, ಒಂದು ಹಾರ್ಡ್ ಡಿಸ್ಕ್, ಇನ್ನೊಂದು ಬೆಂಗಳೂರಲ್ಲಿರೋ ತಂಗಿ ಮನೇಲೋ ಕ್ಲೌಡಲ್ಲೋ. ಗೂಗಲ್‌ನಲ್ಲಿ ಫ್ರೀ ಜಾಗ 15 ಜಿಬಿ, ಜಿಮೇಲ್ ಸೇರಿ. ಎರಡು ವರ್ಷ ಮುಟ್ಟದೇ ಬಿಟ್ಟ ಅಕೌಂಟನ್ನ ಅವರು ಅಳಿಸಬಹುದು, ಹಾಗಾಗಿ ಮನೇಲಿ ಇನ್ನೊಬ್ಬರಿಗೂ ಪಾಸ್‌ವರ್ಡ್ ಗೊತ್ತಿರಲಿ. ಪೆನ್ ಡ್ರೈವನ್ನ ಬೀರುವಲ್ಲಿಟ್ಟು ಮರ್ತುಬಿಡೋದು ಕಾಪಿ ಅಲ್ಲ. ಹಳೇ ಮದುವೆ ಸಿಡಿಗಳಿದ್ರೆ ಇವತ್ತೇ ಹಾರ್ಡ್ ಡಿಸ್ಕಿಗೆ ಇಳಿಸಿ.

ವಾಟ್ಸಾಪ್ ಗ್ರೂಪಿಗೆ ಮಾಮೂಲಿ ಕಳ್ಸಿದ್ರೆ ಫೋಟೋ ಕುಗ್ಗತ್ತೆ, ಡಾಕ್ಯುಮೆಂಟ್ ಅಂತ ಕಳ್ಸಿ. ಸ್ಕ್ಯಾನ್ ಆಯ್ತು ಅಂತ ಒರಿಜಿನಲ್ ಎಸೀಬೇಡಿ, ಹಾಗೆ ಎಸೆದವರನ್ನ ನೋಡಿದೀನಿ.

9. ಡಬ್ಬ ಮತ್ತೆ ಜಾಗ

ಒಂದೊಂದನ್ನೂ ಆಸಿಡ್ ಫ್ರೀ ಪೇಪರಲ್ಲಿ ಮಡಿಚಿ, ದೊಡ್ಡದು ಕೆಳಗೆ ಚಿಕ್ಕದು ಮೇಲೆ ಬರೋ ಹಾಗೆ ಮಲಗಿಸಿ. ನ್ಯೂಸ್ ಪೇಪರ್ ಬೇಡ, ಅದರ ಹುಳಿ ಫೋಟೋಗೆ ಹತ್ತತ್ತೆ. ಪ್ಲಾಸ್ಟಿಕ್ ಕವರ್ ಬಳಸೋದಾದ್ರೆ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್, ಹೊಸ ರೈನ್‌ಕೋಟಿನ ವಾಸನೆ ಬರೋ ಪಿವಿಸಿ ಬೇಡವೇ ಬೇಡ. ನುಸಿಗುಳಿಗೆನೂ ಬೇಡ, ಅದರ ಹಬೆ ಪ್ಲಾಸ್ಟಿಕ್ಕನ್ನ ಮೆತ್ತಗೆ ಮಾಡತ್ತೆ. ಹಸಿ ಬೇವಿನ ಸೊಪ್ಪು ಹಾಕೋರೂ ಇದಾರೆ, ಅದರಲ್ಲಿರೋ ನೀರು ಡಬ್ಬದೊಳಗೇ ಉಳಿಯತ್ತೆ.

ಮುಚ್ಚಳ ಬಿಗಿಯಾಗಿರೋ ಡಬ್ಬದೊಳಗೆ ಸಿಲಿಕಾ ಜೆಲ್ಲನ್ನ ಬಟ್ಟೆ ಚೀಲದಲ್ಲಿ ಕಟ್ಟಿ ಮೂಲೇಲಿಡಿ, ಫೋಟೋ ಮುಟ್ಟಬಾರದು. ನಾನು ಶೂ ಡಬ್ಬದಷ್ಟು ಜಾಗಕ್ಕೆ 100 ಗ್ರಾಂ ಹಾಕ್ತೀನಿ, ಜೊತೆಗೆ ಹೈಗ್ರೋಮೀಟರ್. ಅದು 30ರಿಂದ 50ರ ಒಳಗಿರಲಿ. 30ಕ್ಕಿಂತ ಕೆಳಗೆ ಹೋದ್ರೆ ಜೆಲಟಿನ್ ಒಣಗಿ ಸುರುಳಿಯಾಗತ್ತೆ, ಸ್ವಲ್ಪ ಜೆಲ್ ತೆಗೀರಿ. ಕಿತ್ತಳೆ ಮಣಿ ಹಸಿರಾದ್ರೆ ಹೊರತೆಗೆದು ಓವನ್ನಲ್ಲಿ 120 ಡಿಗ್ರಿಗೆ ಒಂದೆರಡು ಗಂಟೆ ಕಾಯಿಸಿ, ಆರಿದ ಮೇಲೆ ವಾಪಸ್ ಹಾಕಿ. ವಿನೆಗರ್ ವಾಸನೆಯ ನೆಗೆಟಿವ್ ಮಾತ್ರ ಬಿಗಿ ಡಬ್ಬಕ್ಕೆ ಹಾಕ್ಬೇಡಿ, ಅದಕ್ಕೆ ಗಾಳಿ ಬೇಕು.

ಡಬ್ಬ ಇರಬೇಕಾದ್ದು ಒಳಕೋಣೆ ಬೀರುವಿನ ನಡುವಿನ ಖಾನೇಲಿ. ಅಟ್ಟದಲ್ಲಿ ಬೇಡ, ಹಂಚಿನ ಕೆಳಗೆ ಬೇಸಿಗೇಲಿ ಕಾಯತ್ತೆ, ಮಳೇಲಿ ಸೋರತ್ತೆ. ಒಲೆ ಇರೋ ಕಡೆ ಹೊಗೆ. ಪಡುವಣ ಗೋಡೆಗೆ ಒರಗಿರೋ ಬೀರುನೂ ಬೇಡ, ಇರಚಲು ಹೊಡೆಯೋದು ಆ ಗೋಡೆಗೇ. ಡಬ್ಬಕ್ಕೆ ಹಿಡಿ ಇರಲಿ, ಒಬ್ಬರೇ ಎತ್ತೋಷ್ಟು ಭಾರ ಇರಲಿ. 2019ರ ಆಗಸ್ಟಲ್ಲಿ ಮೂಡಿಗೆರೆ ತಾಲ್ಲೂಕಲ್ಲಿ ಗುಡ್ಡ ಕುಸಿದಾಗ ಎಷ್ಟೋ ಜನ ಕೈಗೆ ಸಿಕ್ಕಿದ್ದಷ್ಟೇ ಹಿಡ್ಕೊಂಡು ಹೊರಗೆ ಬಂದಿದ್ದು.

10. ಗೋಡೆ ಮೇಲಿರೋ ಹಿರಿಯರ ಫೋಟೋ

ಗೋಡೆಗೆ ಕಾಪಿ ಹಾಕಿ, ಒರಿಜಿನಲ್ ಡಬ್ಬಕ್ಕೆ ಹಾಕಿ. ಹೂವಿನ ಹಾರದ ನೀರು ಫ್ರೇಮಿನ ಸಂದಿಯಲ್ಲಿ ಇಳಿಯತ್ತೆ, ದೀಪದ ಹೊಗೆ, ಕುಂಕುಮ, ಎಣ್ಣೆ ಕೈ, ಇದೆಲ್ಲ ಬೇಡ ಅನ್ನೋಕೆ ನನಗೆ ಮನಸ್ಸಿಲ್ಲ, ಹಿರಿಯರಿಗೆ ಮಾಡೋದನ್ನ ಮಾಡ್ಲೇಬೇಕು, ಕಾಪಿಗೆ ಮಾಡಿ. ಒರಿಜಿನಲ್ಲೇ ಇರ್ಬೇಕು ಅಂತ ಮನೇಲಿ ಹಟ ಇದ್ರೆ ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಬಾಟ್ಲಿ ಬಿರಡೆಯ ತುಂಡು ಅಂಟಿಸಿ, ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡತ್ತೆ. ಫೋಟೋ ಗಾಜಿಗೆ ತಾಗದ ಹಾಗೆ ನಡುವೆ ರಟ್ಟಿನ ಚೌಕಟ್ಟು ಹಾಕ್ಸಿ.

11. ನೀರು ಬಿದ್ರೆ, ಮೊದಲ 48 ಗಂಟೆ

ಬೂಷ್ಟು ಏಳೋಕೆ ಎರಡು ದಿನ ಸಾಕು. ಒದ್ದೆ ಫೋಟೋಗಳನ್ನ ಕಟ್ಟಾಗಿ ಒಣಗೋಕೆ ಬಿಟ್ರೆ ಇಟ್ಟಿಗೆಯಾಗ್ತಾವೆ. ಶುದ್ಧ ತಣ್ಣೀರಿನ ಬೋಗುಣೀಲಿ ಇಟ್ಟು, ತಾನಾಗೇ ಬಿಟ್ಟಿದ್ದನ್ನ ಮಾತ್ರ ಬಿಡಿಸಿ, ಕೆಸರನ್ನ ಅಲ್ಲಾಡಿಸಿ ತೊಳೆದು, ಹತ್ತಿ ಬಟ್ಟೆ ಮೇಲೆ ಮುಖ ಮೇಲೆ ಮಾಡಿ ನೆರಳಲ್ಲಿ ಹರಡಿ. ಮುಖ ಉಜ್ಜಬೇಡಿ. ಬೂಷ್ಟು ಬಂದಿದ್ದಕ್ಕೆ, ಕೈಬಣ್ಣದ್ದಕ್ಕೆ ಈ ನೀರಿನ ಸ್ನಾನ ಆಗಲ್ಲ. ತುಂಬಾ ಇದ್ದು ಟೈಮ್ ಇಲ್ಲ ಅಂದ್ರೆ ನಡುನಡುವೆ ಬಟರ್ ಪೇಪರ್ ಹಾಕಿ ಕವರಲ್ಲಿಟ್ಟು ಫ್ರೀಜರಿಗೆ ಹಾಕಿ, ಆಮೇಲೆ ಸ್ವಲ್ಪ ಸ್ವಲ್ಪನೇ ಕರಗಿಸಿ ಒಣಗಿಸಬಹುದು.

12. ವರ್ಷಕ್ಕೆ ಎರಡು ಸಲ ಮುಚ್ಚಳ ತೆಗೀರಿ

ಒಂದು ಸಲ ಮೇ ಶುರುವಲ್ಲಿ, ಮಳೆಗೆ ಮುಂಚೆ, ಜೆಲ್ ಬದಲಾಯಿಸೋಕೆ. ಇನ್ನೊಂದು ದೀಪಾವಳಿ ಕಳೆದ ಮೇಲೆ. ತೆಗೆದ ಕೂಡಲೇ ಮೊದಲು ಮೂಸಿ, ಹಳೇ ಗೋಣಿ ವಾಸನೆ ಬಂದ್ರೆ ತೇವ ಒಳಗೆ ಹೋಗಿದೆ. ಪೇಪರ್ ಅಂಚಲ್ಲಿ ಸಣ್ಣ ಸಣ್ಣ ಕಚ್ಚಿದ ಗುರುತು ಇದ್ರೆ ಬೆಳ್ಳಿ ಹುಳ. ತಳದಲ್ಲಿ ಕರಿ ಕಾಳಿನ ತರ ಇದ್ರೆ ಜಿರಳೆ. ಕಲರ್ ಫೋಟೋ ಹೋದ ಸಲಕ್ಕಿಂತ ಕೆಂಪಾಗಿ ಕಂಡ್ರೆ ಅದರ ಬಣ್ಣ ಕತ್ತಲಲ್ಲೂ ಹೋಗ್ತಿದೆ, 70ರ ದಶಕದ ಕಲರ್ ಪ್ರಿಂಟಿಗೆಲ್ಲ ಇದೇ ರೋಗ, ಡಬ್ಬ ಎಷ್ಟೇ ಚೆನ್ನಾಗಿದ್ರೂ ನಿಲ್ಲಲ್ಲ, ಸ್ಕ್ಯಾನ್ ಆಗಿಲ್ಲದಿದ್ರೆ ಅವತ್ತೇ ಮಾಡ್ಸಿ. ಪೇಪರ್ ಬಿಚ್ಚುವಾಗ ಫೋಟೋಗೆ ಒಂಚೂರು ಅಂಟಿದ ಹಾಗೆ ಅನ್ಸಿದ್ರೆ ಅಲ್ಲೇ ಕೈ ತಡೀರಿ, ಮುಚ್ಚಳ ತೆಗೆದಿಟ್ಟು ಒಣ ರೂಮಲ್ಲಿ ಎರಡು ದಿನ ಬಿಟ್ಟು, ಆಮೇಲೆ ಬಿಚ್ಚಿ.